ಬೊಟ್ಟು

ಅದೇ ಶೂ.

ಕಂದು, ಬಿಳಿ ಎರಡು ಬಣ್ಣದ ಚರ್ಮ, ಮೊಂಡು ಮೂತಿ. ಎಡಗಡೆಯದರ ಲೇಸು ಬಿಚ್ಚಿಕೊಂಡು ನೆಲ ಗುಡಿಸುತ್ತಿತ್ತು. ಶೂ ತೊಟ್ಟ ಹುಡುಗಿ ಕಾರಿಡಾರಿನ ಗೋಡೆಗೆ ಮುಖಮಾಡಿ ನಿಂತು, ಗೆಳತಿಯಿಂದ ಬೆನ್ನಿಗೆ ನಂಬರಿನ ಚೀಟಿ ಚುಚ್ಚಿಸಿಕೊಳ್ಳುತ್ತಿದ್ದಳು. ಅವನು ಕಾಫಿಯ ಕಾಗದದ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟ. ನಿಲ್ಲಬಾರದಿತ್ತು. ಅವಳು ತಿರುಗಿದಳು.

“ನೀವು ಜಡ್ಜ್ ಅಲ್ವಾ ಸರ್?”

“ಹೂಂ.”

“ನಿಮ್ಮನ್ನ ಎಲ್ಲೋ ನೋಡಿದೀನಿ.”

“ಇರಬಹುದು.”

“ವಿಡಿಯೋದಲ್ಲಿ! ನಿಮ್ಮ ಕೈ ತುಂಬಾ ಚೆನ್ನಾಗಿ ಕೇಳಿಸಿಕೊಳ್ಳುತ್ತೆ ಸರ್.”

ಕಣ್ಣಲ್ಲಿ ಕಣ್ಣಿಟ್ಟು ನಕ್ಕಳು. ಅವನು ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತ ಅಲ್ಲಿಂದ ಜಾರಿಕೊಂಡ.

ಅವನು ವಿಮಾ ಕಂಪನಿಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವವನು. ಸುಟ್ಟ ಅಡುಗೆಮನೆ, ನೀರು ಕುಡಿದ ಸೋಫಾ, ಕಳೆದುಹೋದ ಉಂಗುರ. ಅನುಮಾನವೇ ಅವನ ಹೊಟ್ಟೆಪಾಡು. ಸುಳ್ಳು ಹೇಳುವವರು ನೆಲ ನೋಡುತ್ತಾರೆ ಎಂದು ಜನ ನಂಬಿರುತ್ತಾರೆ. ಅವನ ಅನುಭವದಲ್ಲಿ ನೆಲ ನೋಡುವವರು ನಿಜವಾಗಿಯೂ ಉಂಗುರ ಕಳೆದುಕೊಂಡವರು. ಸುಳ್ಳು ಹೇಳುವವರು ಕಣ್ಣಲ್ಲಿ ಕಣ್ಣಿಡುತ್ತಾರೆ, ನಗುತ್ತಾರೆ, ಕಾಫಿ ಬೇಕೇ ಎಂದು ಕೇಳುತ್ತಾರೆ.

ಅಂದು ಬೆಳಿಗ್ಗೆ ಮನೆಯಲ್ಲಿ ಅವನು ಕೋಟು ಹಾಕಿಕೊಳ್ಳುವಾಗ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು.

“ಇವತ್ತು ಕುಣಿಯೋಕೋ, ಕುಣಿಸೋಕೋ?”

“ತೀರ್ಪು ಕೊಡೋಕೆ.”

“ಓಹೋ. ಮನೇಲಿ ಕೊಟ್ಟಿದ್ದು ಸಾಲದೇನೋ.”

ಜೋಡಿಯಾಗಿ ಕುಣಿಯುವ ಸ್ವಿಂಗ್ ನೃತ್ಯದ ತರಗತಿಗೆ ಮೊದಲು ಸೇರಿದ್ದು ಇಬ್ಬರೂ ಜೊತೆಯಾಗಿಯೇ. ಡಾಕ್ಟರು ಇಬ್ಬರಿಗೂ ವ್ಯಾಯಾಮ ಹೇಳಿದ್ದರು. ಅವನು ಲೀಡ್, ಅಂದರೆ ಕೈಯಿಂದ ಸೂಚನೆ ಕೊಡುವವನು. ಅವಳು ಫಾಲೋ, ಆ ಸೂಚನೆ ಹಿಡಿದು ತಿರುಗುವವಳು. ಫಾಲೋ ಮೊದಲು ಬಲಗಾಲು ಇಡಬೇಕು. ಅವಳು ಮರೆಯುತ್ತಿದ್ದಳು. “ಬಲಗಾಲು, ಬಲಗಾಲು” ಎಂದು ಅವನು ಎಲ್ಲರೆದುರು ಹಲ್ಲುಕಚ್ಚಿ ಹೇಳುತ್ತಿದ್ದ. ಒಂದು ದಿನ ಅವಳು ಅವನ ಕೈ ಬಿಟ್ಟು, ಬಲಗಾಲನ್ನೇ ಮುಂದಿಟ್ಟು ಬಾಗಿಲು ದಾಟಿ ಹೋದಳು. ಮತ್ತೆ ಬರಲಿಲ್ಲ. ಅವನು ಬಿಡಲಿಲ್ಲ.

ಫೋನು ಗುರ್ರೆಂದಿತು.

“ಯಾರು?” ಹೆಂಡತಿ ಕೇಳಿದಳು.

“ಆಫೀಸಿಂದು.”

“ಭಾನುವಾರ?”

“ಭಾನುವಾರ.”

ಅವಳು ಅಂಗಿಯ ಕಾಲರನ್ನು ತಿರುಗಿಸಿ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದಳು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಒತ್ತಿದಳು ಎಂದು ಅವನಿಗೆ ಅನಿಸಿತು.

ಆಫೀಸಿನದಲ್ಲ. ‘ಎಡಗಾಲು’ ಎಂಬ ಅಡ್ಡಹೆಸರಿನದು. ಊರೂರಿನ ಸ್ವಿಂಗ್ ಕುಣಿಯುವವರು ಸೇರಿಕೊಂಡಿರುವ ಆನ್‌ಲೈನ್ ಗುಂಪಿನಲ್ಲಿ ಅವನು ತನ್ನದೊಂದು ವಿಡಿಯೋ ಹಾಕಿದ್ದ. ನಾಲ್ಕೈದು ಜನ ಹೆಬ್ಬೆರಳು ತೋರಿಸಿ ಮುಂದೆ ಹೋದರು. ಎಡಗಾಲು ಮಾತ್ರ ಒಂದು ಸಾಲು ಬರೆದಿತ್ತು: ನಿಮ್ಮ ಕೈ ಕೇಳಿಸಿಕೊಳ್ಳುತ್ತೆ. ಹಾಗೆ ಶುರುವಾದದ್ದು. ಚಿತ್ರದಲ್ಲಿ ಮುಖವಿಲ್ಲ, ಕಂದು ಬಿಳಿ ಶೂ ಮಾತ್ರ, ಲೇಸು ಬಿಚ್ಚಿದ್ದು. ಮುಖ ತೋರಿಸದ ನಾಚಿಕೆಯನ್ನು ಅವನು ಹೆಣ್ಣಿನದೆಂದುಕೊಂಡ. ಆಫೀಸಿನಲ್ಲಿ ಯಾರನ್ನೂ ನಂಬಲಾಗುವುದಿಲ್ಲ ಎಂದು ಬರೆದ. ಕೇಳಬೇಕಾದ ಕ್ಷಮೆಯನ್ನು ಬಚ್ಚಲಲ್ಲಿ ಅಭ್ಯಾಸ ಮಾಡಿ, ಹೊರಬಂದ ಮೇಲೆ ಕೇಳದೇ ಇರುತ್ತೇನೆ ಎಂದೂ ಬರೆದ. ಪ್ರತಿ ಬಾರಿಯೂ ಆ ಕಡೆಯಿಂದ ಒಂದೇ ಉತ್ತರ: ಹೂಂ, ಹೇಳಿ.

ಹೂಂ, ಹೇಳಿ. ಅಷ್ಟು ಚಿಕ್ಕ ಮಾತನ್ನು ಅವನಿಗೆ ಬೇರೆ ಯಾರೂ ಹೇಳಿರಲಿಲ್ಲ. ಆ ಮಾತಿಗಾಗಿ ಅವನು ದಿನವಿಡೀ ಕಾಯುತ್ತಿದ್ದ. ಹಾಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಆದರೆ ಕಾಯುತ್ತಿದ್ದ.

ಇಂದಿನ ಸಂದೇಶ: “ಇವತ್ತು ನಾನೂ ಬರ್ತಿದೀನಿ, ಸ್ಪರ್ಧೆಗೆ. ಯಾರು ಅಂತ ಈಗ ಹೇಳಲ್ಲ. ಎಲ್ಲ ಮುಗಿದ ಮೇಲೆ ಸಿಗೋಣ.”

ಬಸ್ಸಿನಲ್ಲಿ ಕೂತು ಅವನು ಲೆಕ್ಕ ಹಾಕಿದ. ಎಡಗಾಲು ಮೊದಲು ಬರೆದದ್ದು ಯಾವಾಗ? ತೀರ್ಪುಗಾರರು ಯಾರೆಂದು ಗುಂಪಿನಲ್ಲಿ ಪ್ರಕಟವಾದ ವಾರ. ಮುಂಚೆಯೋ, ಆಮೇಲೋ? ಹಳೆಯ ಸಂದೇಶಗಳನ್ನು ತೆಗೆದು ನೋಡಬಹುದಿತ್ತು. ನೋಡಲಿಲ್ಲ. ಬೇರೆಯವರ ಸೋಫಾದಡಿ ಟಾರ್ಚು ಬಿಡುವುದು ಅವನಿಗೆ ಸಲೀಸು. ಇದು ಅವನದೇ ಸೋಫಾ. ಆ ‘ಹೂಂ, ಹೇಳಿ’ ತನಗಾಗಿ ಬಂದದ್ದೋ, ತೀರ್ಪುಗಾರನ ಕುರ್ಚಿಗಾಗಿ ಬಂದದ್ದೋ ಎಂಬುದಷ್ಟೇ ಅವನಿಗೆ ಗೊತ್ತಾಗಬೇಕಿತ್ತು.

ಈಗ, ಕಾರಿಡಾರಿನಲ್ಲಿ, ಗೊತ್ತಾಯಿತು. ಶೂ ಅದೇ, ಮಾತೂ ಅದೇ. ಸ್ಪರ್ಧೆಗೆ ಮುಂಚೆಯೇ ಬಂದು ಬೆಣ್ಣೆ ಹಚ್ಚಿದ್ದಾಳೆ.

ತೀರ್ಪುಗಾರರು ಮೂವರು. ಮುಖ್ಯಸ್ಥ ಒಬ್ಬ ದಂತವೈದ್ಯ. ಯಾರು ನಕ್ಕರೂ ಮೊದಲು ಹಲ್ಲು ನೋಡುವವನು. ಇನ್ನೊಬ್ಬಳು ಊರಿನ ಅರ್ಧ ಕುಣಿತಗಾರರಿಗೆ ಪಾಠ ಹೇಳಿದ ಟೀಚರ್. ಹಾಲಿನ ಎಡಬಲದ, ಎದುರುಬದುರಾದ ಎರಡು ಗೋಡೆಗಳಿಗೆ ಉದ್ದಕ್ಕೂ ಕನ್ನಡಿ. ಕುಣಿಯುವವರು ತಮ್ಮನ್ನೇ ನೋಡಿಕೊಂಡು ಜೋಡಿಯನ್ನು ಮರೆಯುತ್ತಾರೆಂದು ಇವತ್ತು ಅವಕ್ಕೆ ಹಾಸಿಗೆಯ ಬಿಳಿ ಚಾದರ ಹೊದಿಸಿದ್ದರು.

“ಕ್ರಮ ಗೊತ್ತಲ್ಲ?” ದಂತವೈದ್ಯ ಕೇಳಿದ. “ಜೋಡಿ ಯಾರೆಂದು ಚೀಟಿ ಹೇಳುತ್ತೆ. ಹಾಡು ಯಾವುದು ಅಂತ ನಮಗೂ ಗೊತ್ತಿಲ್ಲ. ಕೊನೇಲಿ ಎರಡು ಜೋಡಿ ಉಳೀತಾವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಡ್ರಮ್ಮು ಮೂರು ಸಲ ಬಡಿದ ತಕ್ಷಣ ಮೂವರೂ ಕಣ್ಣು ಮುಚ್ಚಿ ಬೊಟ್ಟು ಮಾಡೋದು. ಕಣ್ಣು ತೆರೆದ ಮೇಲೆ ಕೈ ತಿರುಗಿಸೋ ಹಾಗಿಲ್ಲ. ಫೋಟೋ ಆಗೋವರೆಗೂ ಹಾಗೇ ಹಿಡಿದಿರಬೇಕು.”

“ಸರಿ.”

“ಕುಣಿಯೋರಲ್ಲಿ ಯಾರಾದ್ರೂ ಪರಿಚಯದವರಿದ್ರೆ ಈಗಲೇ ಹೇಳಿ. ಎದ್ದು ಬೇರೆಯವರಿಗೆ ಕುರ್ಚಿ ಬಿಡಬೇಕಾಗುತ್ತೆ.”

ಟೀಚರ್ ನಕ್ಕಳು. “ನನಗೆ ಎಲ್ಲರೂ ಪರಿಚಯ. ಅದಕ್ಕೇ ಯಾರ ಮೇಲೂ ಪ್ರೀತಿ ಇಲ್ಲ.”

ದಂತವೈದ್ಯ ಅವನತ್ತ ತಿರುಗಿದ. “ನಿಮಗೆ?”

“ಯಾರೂ ಇಲ್ಲ.”

ಮುಖ ನೋಡದವರನ್ನು ಪರಿಚಯದವರು ಎನ್ನಲಾಗುತ್ತದೆಯೇ? ಅರ್ಜಿದಾರನೊಬ್ಬ ಹೀಗೆ ವಾದಿಸಿದ್ದರೆ ಅವನು ಹುಳ್ಳಗೆ ನಕ್ಕು ಫೈಲು ಮುಚ್ಚುತ್ತಿದ್ದ.

ಬೆಳಗಿನ ಸುತ್ತುಗಳು ಮುಗಿದವು. ಜನ ಬಂದರು, ತಿರುಗಿದರು, ಬೆವರಿದರು, ಹೋದರು. ಅವನು ಉಳಿದವರನ್ನು ನೋಡಿದ್ದು ನೆಪಕ್ಕೆ. ಹುಡುಗಿಗೆ ಚೀಟಿಯಲ್ಲಿ ಸಿಕ್ಕಿದ ಲೀಡ್ ಒಬ್ಬ ಉದ್ದನೆಯ ಯುವಕ. ಅವಳು ಚೆನ್ನಾಗಿ ಕುಣಿದಳು. ಹಾಡು ನಡುವೆ ಒಮ್ಮೆ ತಟ್ಟನೆ ನಿಂತಾಗ ಉಳಿದ ಫಾಲೋಗಳೆಲ್ಲ ಮುಗ್ಗರಿಸಿದರು; ಅವಳು ಮಾತ್ರ ಮೊದಲೇ ಗೊತ್ತಿದ್ದವಳ ಹಾಗೆ ನಿಂತು, ಹುಬ್ಬೆತ್ತಿ, ಹಾಡಿಗಾಗಿ ಕಾದಳು. ಅವನಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಮರುಕ್ಷಣವೇ ಮೈ ಬಿಗಿಯಾಯಿತು. ಈ ಖುಷಿ ಅವಳ ಕುಣಿತಕ್ಕೋ, ಅವಳ ‘ಹೂಂ, ಹೇಳಿ’ಗೋ? ಬೇರ್ಪಡಿಸುವುದು ಹೇಗೆ?

ಕೊನೆಗೆ ಉಳಿದ ಎರಡು ಜೋಡಿಗಳಲ್ಲಿ ಅವಳದೊಂದು, ಎಡಕ್ಕೆ. ಬಲಕ್ಕೆ ಒಬ್ಬ ಬೋಳುತಲೆಯ ನಡುವಯಸ್ಸಿನವನು, ಅವನ ಜೊತೆ ಕನ್ನಡಕದ ವಿದ್ಯಾರ್ಥಿನಿ. ಬೋಳುತಲೆಯವನ ಅಂಗಿ ಬೆನ್ನಿಗಂಟಿತ್ತು. ತುಟಿ ಅಲ್ಲಾಡಿಸುತ್ತ ತಾಳ ಎಣಿಸುತ್ತಿದ್ದ. ತೀರ್ಪುಗಾರರ ಕಡೆ ಒಮ್ಮೆಯೂ ನೋಡದೆ ನೆಲ ನೋಡಿಕೊಂಡೇ ಕುಣಿದ. ಅಂಥವನು ಕೊನೆಯವರೆಗೆ ಬಂದದ್ದು ಹೇಗೆ ಎಂದು ಅವನಿಗೆ ಅರ್ಥವಾಗಲಿಲ್ಲ. ಬಹುಶಃ ಉಳಿದ ತೀರ್ಪುಗಾರರಿಗೆ ಬೇಕಾದವನು ಇರಬೇಕು.

ಹಾಡು ಮುಗಿಯಿತು. ಹುಡುಗಿ ಏದುಸಿರು ಬಿಡುತ್ತ ನೇರ ಅವನನ್ನೇ ನೋಡಿದಳು. ನಕ್ಕಳು. ಈ ಧೈರ್ಯ ಎಲ್ಲಿಂದ ಬರುತ್ತದೆ? ಕೈ ತನ್ನ ಕಡೆಗೇ ಬರುತ್ತದೆಂದು ಗೊತ್ತಿದ್ದವರ ಧೈರ್ಯ.

ಡ್ರಮ್ಮು ಬಡಿಯಿತು. ಅವನು ಕಣ್ಣು ಮುಚ್ಚಿ ಬಲಕ್ಕೆ ಬೊಟ್ಟು ಮಾಡಿದ.

ಕಣ್ಣು ತೆರೆದಾಗ ಎರಡು ಕೈ ಎಡಕ್ಕಿದ್ದವು. ಚಪ್ಪಾಳೆ ಎಡಕ್ಕೇ ಬಿತ್ತು. ಹುಡುಗಿ ಕುಣಿದಾಡಿ ಉದ್ದನೆಯ ಯುವಕನ ಕೊರಳಿಗೆ ಜೋತುಬಿದ್ದಳು. ಅವನ ಕೈ ಒಂದೇ ಬಲಕ್ಕೆ ನೀಡಿಕೊಂಡು, ದಾರಿ ತಪ್ಪಿದವರಿಗೆ ದಾರಿ ತೋರಿಸುವವನ ಹಾಗಿತ್ತು. ಫೋಟೋ ತೆಗೆಯುವವನು ಒಂದು ತೆಗೆದು, ಬೆಳಕು ಸಾಲದೆಂದು ಇನ್ನೊಂದು ತೆಗೆದ.

ನಾನು ಯಾರ ಮುಲಾಜಿಗೂ ಬೀಳಲಿಲ್ಲ ಎಂದುಕೊಂಡ. ಆ ಮಾತು ಎದೆಯೊಳಗೆ ಎಲ್ಲೂ ತಂಗದೆ ಹಾಗೇ ಹೊರಟುಹೋಯಿತು.

“ಏನ್ ಕಂಡ್ರಿ ಆ ಜೋಡೀಲಿ?” ಟೀಚರ್ ಮೆಟ್ಟಿಲ ಬಳಿ ಕೇಳಿದಳು. ಜಗಳವಿರಲಿಲ್ಲ ದನಿಯಲ್ಲಿ, ಬರೀ ಕುತೂಹಲ.

“ಕೈ…” ಅವನು ತಡವರಿಸಿದ. “ಕೈ ಕೇಳಿಸಿಕೊಳ್ತಿತ್ತು.”

“ಅಯ್ಯೋ, ಅದು ನನ್ನ ಮಾತು! ಜೋಡಿಯ ಚಲನೆಯನ್ನ ಕೈ ಕೇಳಿಸಿಕೋಬೇಕು ಅಂತ ಪ್ರತಿ ಕ್ಲಾಸಲ್ಲೂ ಹೇಳ್ತೀನಿ. ಈಗ ಗುಂಪಲ್ಲಿ ಯಾರ ವಿಡಿಯೋ ಕೆಳಗೆ ನೋಡಿದ್ರೂ ಅದೇ. ಕೇಳಿ ಕೇಳಿ ನನಗೇ ಸಾಕಾಗಿದೆ.”

ಅವನು ಕಕ್ಕಾಬಿಕ್ಕಿಯಾದ. ತಿಂಗಳುಗಟ್ಟಲೆ ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡ ಸಾಲು ಅದು.

ಕಾರಿಡಾರಿನಲ್ಲಿ ಹುಡುಗಿ ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ತಪ್ಪಿಸಿಕೊಂಡು ಹೋಗಲು ಬೇರೆ ದಾರಿಯಿರಲಿಲ್ಲ.

“ಸರ್, ಬೇಜಾರಿಲ್ಲ, ಸುಮ್ನೆ ಕೇಳ್ತಿದೀನಿ. ನಂದು ಎಲ್ಲಿ ತಪ್ಪಾಯ್ತು?”

“ಏನಿಲ್ಲ.”

“ಏನೋ ಇತ್ತಲ್ಲ ಸರ್?”

“ಲೇಸು,” ಎಂದ. “ಲೇಸು ಬಿಚ್ಚಿತ್ತು.”

“ಓ, ಈ ದರಿದ್ರ ಶೂ!” ಅವಳು ನಕ್ಕು ಅದನ್ನು ಎತ್ತಿ ಹಿಡಿದಳು. “ನಂದಲ್ಲ ಸರ್. ನಂದು ಮನೇಲಿ ಮರೆತೆ. ಇಲ್ಲಿ ಬಾಡಿಗೆಗೆ ಕೊಡ್ತಾರಲ್ಲ, ಅದು. ಎಷ್ಟು ಕಟ್ಟಿದ್ರೂ ಬಿಚ್ಚಿಕೊಳ್ಳುತ್ತೆ.”

ಅವಳ ಹಿಂದೆ ಕಪಾಟು ತೆರೆದಿತ್ತು. ಕಂದು ಬಿಳಿ, ಕಂದು ಬಿಳಿ, ಮೇಲಿನ ಹಲಗೆಯಿಂದ ಕೆಳಗಿನವರೆಗೆ. ಎಲ್ಲದರ ಲೇಸೂ ಬಿಚ್ಚಿತ್ತು. ಈ ಹಾಲಿನಲ್ಲಿ ಒಮ್ಮೆ ಕಾಲಿಟ್ಟ ಯಾರು ಬೇಕಾದರೂ ಆ ಚಿತ್ರ ತೆಗೆದಿರಬಹುದಿತ್ತು.

“ನೀವು… ಬರೀತೀರಾ?” ಅವನು ಕೇಳಿದ.

“ಏನು ಸರ್?”

“ಏನಿಲ್ಲ. ಅಭಿನಂದನೆ.”

ಫೋನು ಗುರ್ರೆಂದಿತು. ಅವನು ಕಿಟಕಿಯ ಕಡೆ ಹೋಗಿ ಓದಿದ.

“ನೀವೊಬ್ಬರಾದ್ರೂ ನಮ್ಮ ಕಡೆ ಬೊಟ್ಟು ಮಾಡಿದಿರಲ್ಲ. ಸೋತಿದ್ದು ಲೆಕ್ಕಕ್ಕೇ ಬರಲಿಲ್ಲ.”

ನಮ್ಮ ಕಡೆ.

ವಿದ್ಯಾರ್ಥಿನಿ, ಎಂದುಕೊಂಡ ಮೊದಲು. ಕನ್ನಡಕದವಳು. ಆಮೇಲೆ ಅಡ್ಡಹೆಸರು ಓದಿದ. ಎಷ್ಟು ಸಲ ಓದಿದ್ದನೋ ಏನೋ, ಮೊದಲ ಬಾರಿ ಓದಿದವನ ಹಾಗೆ ಓದಿದ. ಎಡಗಾಲು. ಫಾಲೋ ಎಂದರೆ ಬಲಗಾಲು. ಅದನ್ನು ಹೇಳಿ ಹೇಳಿಯೇ ಅವನು ಹೆಂಡತಿಯನ್ನು ತರಗತಿಯಿಂದ ಓಡಿಸಿದ್ದ. ಎಡಗಾಲು ಮೊದಲು ಇಡುವವರು ಲೀಡ್. ಮೊದಲ ಪಾಠಕ್ಕೆ ಬಂದವರಿಗೂ ಗೊತ್ತಿರುವ ಸಂಗತಿ.

ಬೋಳುತಲೆ. ಬೆನ್ನಿಗಂಟಿದ ಅಂಗಿ. ನೆಲ ನೋಡುವವನು.

ಇಷ್ಟು ದಿನಗಳ ಸಂದೇಶಗಳಲ್ಲಿ ಎಲ್ಲಾದರೂ ಹೆಣ್ಣೆಂಬ ಗುರುತು ಇತ್ತೇ? ಬಂದೆ, ಉಂಡೆ, ನಿದ್ದೆ ಬರಲಿಲ್ಲ, ನಿಮ್ಮ ನೆನಪಾಯಿತು. ತನ್ನ ಬಗ್ಗೆ ಮಾತ್ರ ಹೇಳಿಕೊಳ್ಳುವವರು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಬಾಯಿಬಿಡುವುದಿಲ್ಲ. ‘ಅವಳು’ ಎಂದುಕೊಂಡವನು ತಾನೇ. ಆ ಕಡೆಯವರು ಸುಳ್ಳು ಹೇಳಿರಲಿಲ್ಲ. ನಿಜವನ್ನೂ ಹೇಳಿರಲಿಲ್ಲ.

ಇನ್ನೊಂದು ಬಂತು. “ಮೊದಲೇ ಹೇಳಿದ್ದಿದ್ರೆ ನೀವು ಪರಿಚಯ ಅಂತ ಕುರ್ಚಿ ಬಿಟ್ಟು ಎದ್ದು ಹೋಗ್ತಿದ್ರಿ. ಅದಕ್ಕೇ ಹೇಳಲಿಲ್ಲ. ಗೇಟಿನ ಹತ್ತಿರ ಇದೀನಿ. ನಮ್ಮಲ್ಲಿ ಏನು ಇಷ್ಟ ಆಯ್ತು? ಹೂಂ, ಹೇಳಿ.”

ಅವನು ಅದನ್ನು ಒಮ್ಮೆ ಓದಿದಾಗ, ಅವನ ಮರ್ಯಾದೆ ಕಾಪಾಡಲು ಸುಮ್ಮನಿದ್ದ ಒಬ್ಬ ಸಂಕೋಚದ ಮನುಷ್ಯ ಕಂಡ. ಮತ್ತೊಮ್ಮೆ ಓದಿದಾಗ, ಅವನನ್ನು ಕುರ್ಚಿಯಲ್ಲೇ ಉಳಿಸಿಕೊಂಡ ಒಬ್ಬ ಚಾಣಾಕ್ಷ ಕಂಡ. ಮೂರನೆಯ ಸಲ ಇಬ್ಬರೂ ಕಾಣಲಿಲ್ಲ. ಅಳು ಬರುವಂತಾಯಿತು. ಏನು ಇಷ್ಟವಾಯಿತೆಂದು ಹೇಳಲಿ? ಅವರ ಕುಣಿತವನ್ನು ಅವನು ನೋಡಿಯೇ ಇರಲಿಲ್ಲ.

ಕೋಟು ಹಾಲಿನಲ್ಲೇ ಉಳಿದಿತ್ತು. ಗೇಟಿಗೆ ಹೋಗುವ ಮುನ್ನ ಅದನ್ನು ತರಬೇಕು ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದ. ಕಸ ಗುಡಿಸುವ ಹೆಂಗಸು ಚಾದರಗಳನ್ನೆಲ್ಲ ಎಳೆದು, ಮಡಚಿ, ಬಗಲಲ್ಲಿಟ್ಟುಕೊಂಡು ಹೊರಟಿದ್ದಳು.

“ಬೇಗ ಆಗ್ಲಿ ಸರ್, ದೀಪ ಆರಿಸ್ಬೇಕು.”

“ಒಂದು ನಿಮಿಷ ಅಮ್ಮ.”

ತೀರ್ಪುಗಾರರ ಕುರ್ಚಿ ಅಲ್ಲೇ ಇತ್ತು. ಅವನು ಕೂತ. ಕೂತು ನೋಡಿದರೆ ನೆನಪಾಗಬಹುದು: ಬೋಳುತಲೆಯವನ ಕೈ, ವಿದ್ಯಾರ್ಥಿನಿ ತಿರುಗಿದ ಬಗೆ, ಯಾವುದಾದರೂ ಒಂದು ಹೆಜ್ಜೆ, ಗೇಟಿನ ಬಳಿ ಹೇಳಬಹುದಾದ ಒಂದೇ ಒಂದು ನಿಜ. ಬಲಕ್ಕೆ ಎಂದರೆ ಎಲ್ಲಿಗೆ? ಕಣ್ಣು ಮುಚ್ಚಿ, ಬಲಗಡೆಯ ಗೋಡೆಗೆ ಹೊರಳಿ, ಆಗಿನಂತೆಯೇ ಕೈ ಚಾಚಿ, ಕಣ್ಣು ತೆರೆದ.

ಎದುರಿನ ಕನ್ನಡಿಯಲ್ಲಿ ಕುರ್ಚಿಯ ಮೇಲೆ ಕೂತ ಒಬ್ಬ ಅವನ ಕಡೆ ಬೊಟ್ಟು ಮಾಡಿದ್ದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕನ್ನಡಿಯೊಳಗೆ ಕನ್ನಡಿಯಾಗಿ, ದೂರ ಹೋದಂತೆ ಚಿಕ್ಕದಾಗುತ್ತ, ಸಾಲಾಗಿ ಕೂತವರೆಲ್ಲರ ಕೈಯೂ ಚಾಚಿತ್ತು. ಜೇಬಿನಲ್ಲಿ ಫೋನು ಗುರ್ರೆಂದಿತು, ಸುಮ್ಮನಾಯಿತು, ಮತ್ತೆ ಗುರ್ರೆಂದಿತು.

ಕೈ ಇಳಿಸಬೇಕೆಂದುಕೊಂಡ. ಮೊದಲು ಎದುರಿನವನು ಇಳಿಸಲಿ ಎಂದು ಕಾಯುತ್ತ ಕೂತ.