ಮೇಜರ್ ಸಾಹೇಬರ ಕಟ್ಟೆ

ಥಾವರಿಬಾಯಿಯ ಮಾತಿಗೆ ಗೋವಾದ ಮಂಗೋರ್ ಹಿಲ್‌ನಲ್ಲಿ ತೂಕವಿರಲಿಲ್ಲ. ಇಪ್ಪತ್ತೆರಡು ವರ್ಷ ಮಣ್ಣಿನ ಬುಟ್ಟಿ ಹೊತ್ತವಳು, ಗಂಡ ಸತ್ತವಳು, ಮಕ್ಕಳಿಲ್ಲದವಳು. ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವರು ಮೇಜರ್ ಬಿಂದುಮಾಧವ ಕುಲಕರ್ಣಿ ಒಬ್ಬರೇ. ಅವರು ತೀರಿಕೊಂಡು ವರ್ಷವಾಗಿತ್ತು.

ಮೇಜರ್ ಧಾರವಾಡದವರು. ಸೈನ್ಯದಲ್ಲಿ ರಸ್ತೆ, ಸೇತುವೆ ಕಟ್ಟುವ ದಳದಲ್ಲಿದ್ದು, ನಿವೃತ್ತರಾಗಿ ಹತ್ತಿರದ ವಾಸ್ಕೋದಲ್ಲಿ ನೆಲೆಸಿದ್ದರು. 2001ರ ಮಳೆಗಾಲದಲ್ಲಿ ಗುಡ್ಡದ ಹಿಂಬದಿ ಒಂದು ಗೋಡೆ ಕುಸಿದಾಗ ನೋಡಲು ಬಂದವರು, ಆಮೇಲೆ ಪ್ರತಿ ಜೂನ್‌ನಲ್ಲೂ ಬಂದರು. ಇಳಿಜಾರಿನ ಇಪ್ಪತ್ತಾರು ಮನೆಗಳ ಬಾಗಿಲಿಗೆ ಸುಣ್ಣದಲ್ಲಿ ನಂಬರು ಬರೆಸಿದರು. ಜೋರು ಮಳೆ ಹಿಡಿದರೆ ಎಲ್ಲರೂ ರಸ್ತೆಯ ಆಚೆ ಬದಿಯ ಶಾಲೆಯ ಬಯಲಿಗೆ ಹೋಗಬೇಕು. ಒಂದೊಂದು ಮನೆಯವರೂ ತಮ್ಮ ನಂಬರು ಬಂದಾಗ ತಲೆ ಎಣಿಸಿ ಕೂಗಬೇಕು. ಅದಕ್ಕೆ ಅವರು ಗಿಣತಿ ಎನ್ನುತ್ತಿದ್ದರು. ಅವರದು ಇನ್ನೊಂದು ಕಟ್ಟಪ್ಪಣೆ ಇತ್ತು: ಗುಡ್ಡದ ಬುಡಕ್ಕೆ ಯಾರೂ ಗುದ್ದಲಿ ಹಾಕಬಾರದು.

ವರ್ಷದ ಪುಣ್ಯತಿಥಿಗೆಂದು ಸಂಗಣ್ಣ ಮೇಸ್ತ್ರಿ ಕಟ್ಟೆ ಕಟ್ಟಿಸಿದ. ಕಲ್ಲು ಕೆಲಸದವರಿಗೆ ಗೌರವ ತೋರಿಸುವ ಬೇರೆ ದಾರಿ ಗೊತ್ತಿರಲಿಲ್ಲ. ಖಾಲಿ ಜಾಗವೂ ಇರಲಿಲ್ಲ. ಗುಡ್ಡದ ಬುಡವನ್ನೇ ಆಳೆತ್ತರ ಕಡಿದು, ನೆಲ ಸಮ ಮಾಡಿ, ಚಿರೆಕಲ್ಲಿನಲ್ಲಿ ಚೌಕಾಗಿ ಕಟ್ಟಿದರು. ಮೂರು ಭಾನುವಾರ ಎಲ್ಲರೂ ಪುಕ್ಕಟೆ ದುಡಿದರು.

"ಬುಡ ಮುಟ್ಟಬ್ಯಾಡ್ರಿ ಅಂದಿದ್ರಲ್ಲೋ ಸಾಹೇಬ್ರು," ಎಂದು ಥಾವರಿಬಾಯಿ ಮೊದಲ ದಿನವೇ ಹೇಳಿದಳು.

"ಅದು ನಮ್ಮ ಮನಿ ಕಟ್ಟಾಕ ಬ್ಯಾಡ ಅಂದಿದ್ದು. ಇದು ಅವರದ ಕಟ್ಟಿ," ಎಂದ ಸಂಗಣ್ಣ.

"ಗುಡ್ಡಕ್ಕ ಅದು ಗೊತ್ತಾಗತೈತೇನು?"

"ಬುಟ್ಟಿ ಹೊರಾಕಿ ಯಾವಾಗ ಇಂಜಿನಿಯರ್ ಆದಿ ಬೇ?"

ಸುತ್ತಲಿದ್ದವರು ನಕ್ಕರು. ಅವಳು ಬುಟ್ಟಿ ಬೋರಲು ಹಾಕಿ ಮನೆಗೆ ಹೋದಳು. ಆ ಕೆಲಸಕ್ಕೆ ಮತ್ತೆ ಬರಲಿಲ್ಲ.

ಪುಣ್ಯತಿಥಿ ಬಂದದ್ದು ಜುಲೈನಲ್ಲಿ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮೇಜರ್ ಇಲ್ಲದ ಮೇಲೆ ಶಾಲೆಯ ಬಯಲಿಗೆ ಹೊರಡಿಸುವವರೂ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ತಾಡಪತ್ರಿಯ ಕೆಳಗೆ ಎಂಬತ್ತು ಜನ ಸೇರಿದರು. ಕಟ್ಟೆಯ ಮೇಲೆ ಮೇಜರರ ಫೋಟೋ, ಚೆಂಡುಹೂವಿನ ಮಾಲೆ, ಒದ್ದೆಯಾಗಿ ಹತ್ತಿಕೊಳ್ಳದ ಊದುಬತ್ತಿ. ಥಾವರಿಬಾಯಿ ಹಿಂದೆ ನಿಂತು ಕಡಿದ ಮಣ್ಣಿನ ಗೋಡೆಯನ್ನು ನೋಡುತ್ತಿದ್ದಳು. ನಿನ್ನೆ ತಿಳಿನೀರು ಜಿನುಗುತ್ತಿದ್ದ ಕಡೆ ಇವತ್ತು ಕೆಂಪು ನೀರು ಬರುತ್ತಿತ್ತು. ಮಣ್ಣು ಒಳಗಿನಿಂದ ಬಿಡತೊಡಗಿದರೆ ನೀರಿಗೆ ಆ ಬಣ್ಣ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಒಮ್ಮೆ ಅವಳು ಹೇಳಿದಾಗ ಮೇಜರೇ ಡೈರಿಯಲ್ಲಿ ಬರೆದುಕೊಂಡಿದ್ದರು.

"ಸಂಗಣ್ಣಾ, ನೀರು ಕೆಂಪಗಾಗೇತಿ. ಎಲ್ಲಾರ್ನೂ ಸಾಲಿ ಬಯಲಿಗೆ ಕರಕೊಂಡು ನಡಿ."

"ಭಾಷಣ ಮುಗೀಲಿ ತಡಿ."

"ಭಾಷಣ ಸಾಲ್ಯಾಗ ಮಾಡು."

"ಈಗ ಎರಡು ನಿಮಿಷ ಮೌನ ಐತಿ. ಅಷ್ಟೊತ್ತರ ಬಾಯಿ ಮುಚ್ಚು, ನಿನಗ ಪುಣ್ಯಾ ಬರತೈತಿ."

ಎಲ್ಲರೂ ಕಣ್ಣು ಮುಚ್ಚಿದರು. ಥಾವರಿಬಾಯಿ ಜನರನ್ನು ಮೊಣಕೈಯಿಂದ ಸರಿಸುತ್ತ ಮುಂದೆ ಹೋದಳು. ಚಪ್ಪಲಿ ಕಾಲಲ್ಲೇ ಕಟ್ಟೆ ಹತ್ತಿ, ಫೋಟೋ ಎತ್ತಿ ಕಂಕುಳಲ್ಲಿ ಅವುಚಿಕೊಂಡು, ಶಾಲೆಯ ದಾರಿ ಹಿಡಿದು ಓಡಿದಳು.

"ಸಾಹೇಬ್ರ ಫೋಟೋ ಒಯ್ದಳು! ಹಿಡೀರಿ ಆಕೀನ!"

ಎಂಬತ್ತು ಜನ ಬೈಯುತ್ತ ಬೆನ್ನು ಹತ್ತಿದರು. ಗಲಾಟೆ ಕೇಳಿ ಮೇಲಿನ ಮನೆಗಳಲ್ಲಿದ್ದವರೂ ಇಳಿದು ಬಂದರು. ಐವತ್ತು ದಾಟಿದ ಹೆಂಗಸು ಎಷ್ಟು ಓಡಿಯಾಳು? ಶಾಲೆಯ ಬಯಲಿನಲ್ಲಿ ಗಾರೆ ಕೆಲಸದ ಖೀರಪ್ಪ ಅವಳ ರಟ್ಟೆ ಹಿಡಿದ.

"ಹುಚ್ಚಗಿಚ್ಚ ಹಿಡದೈತೇನು?"

"ಹೊಡಿಯೂದಿದ್ರ ಆಮ್ಯಾಲೆ ಹೊಡೀರಿ. ಮದಲ ಗಿಣತಿ ಕೊಡ್ರಿ. ಒಂದನೇ ನಂಬರ್!"

ಅವಳು ಫೋಟೋವನ್ನು ಒಂದನೇ ಮನೆಯ ಬಾಲಪ್ಪನ ಮುಖಕ್ಕೆ ಹಿಡಿದಳು. "ಇವರ ಮುಂದ ಹಿಂಗ ಸುಮ್ಮ ನಿಂದರತಿದ್ದೇನು? ಒಂದನೇ ನಂಬರ್!"

"ಆರು," ಎಂದ ಬಾಲಪ್ಪ. ಆರು ವರ್ಷದ ರೂಢಿ ಅದು.

"ಎರಡು!"

"ನಾಲ್ಕು."

ನಂಬರುಗಳು ಸಾಗಿದವು. ಬೈಗುಳ ನಿಂತಿತು. ಹನ್ನೊಂದಕ್ಕೆ ಶಿವವ್ವ "ಮೂರು" ಎಂದಳು.

"ನಿಮ್ಮನ್ಯಾಗ ನಾಲ್ಕು ಮಂದಿ."

"ನಮ್ಮ ಹುಡುಗ ಪರಶು ಮನ್ಯಾಗ ಮಲಗ್ಯಾನ. ವೆರ್ಣಾದ ಕಾರ್ಖಾನ್ಯಾಗ ರಾತ್ರಿ ಪಾಳಿ ಮಾಡಿ ಬಂದಾನ," ಎನ್ನುತ್ತ ಶಿವವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಥಾವರಿಬಾಯಿ ಸಂಗಣ್ಣನನ್ನು ನೋಡಿದಳು. ಸಂಗಣ್ಣ ಗುಡ್ಡದ ಕಡೆ ನೋಡಿದ. ತಾಡಪತ್ರಿಯ ಕಂಬಗಳು ಆಗಲೇ ಮುಂದಕ್ಕೆ ಬಾಗಿದ್ದವು. ಅವನು ಓಡಿದ. ಖೀರಪ್ಪನೂ ರಟ್ಟೆ ಬಿಟ್ಟು ಹಿಂದೆಯೇ ಓಡಿದ. ಶಿವವ್ವ ಹೊರಟಳು, ಥಾವರಿಬಾಯಿ ಅವಳ ಸೊಂಟವನ್ನು ಬಳಸಿ ಹಿಡಿದು ಬಿಡಲೇ ಇಲ್ಲ.

"ಹನ್ನೆರಡು!" ಎಂದು ಕೂಗಿದಳು.

"ಐದು."

ಹದಿನೈದಕ್ಕೆ ಗುಡ್ಡ ಸದ್ದು ಮಾಡಿತು. ಲಾರಿಯಿಂದ ಜಲ್ಲಿ ಸುರಿದಂಥ ಸದ್ದು, ಆದರೆ ನಿಲ್ಲಲಿಲ್ಲ. ಮಕ್ಕಳು ಅಳತೊಡಗಿದರು. ಥಾವರಿಬಾಯಿ ಆ ಕಡೆ ತಿರುಗಲಿಲ್ಲ.

"ಹದಿನಾರು! ಕೂಗ್ರಿ!"

ಇಪ್ಪತ್ತಾರರವರೆಗೂ ಎಣಿಸಿದಳು. ಅಷ್ಟರಲ್ಲಿ ಸಂಗಣ್ಣ, ಖೀರಪ್ಪ ಇಬ್ಬರೂ ಪರಶುವನ್ನು ಕೈಕಾಲು ಹಿಡಿದು ಹೊತ್ತು ತಂದರು. ಮೂವರೂ ಮಣ್ಣಿನ ಮುದ್ದೆಯಾಗಿದ್ದರು. ಬಾಗಿಲು ದಾಟುವಾಗ ಗೋಡೆ ಬಿದ್ದಿತ್ತು. ಪರಶುವಿನ ಕಾಲಿಗೆ ಥಾವರಿಬಾಯಿ ತನ್ನ ಸೆರಗು ಹರಿದು ಬಿಗಿದಳು.

"ಹನ್ನೊಂದು," ಎಂದಳು.

"ನಾಲ್ಕು," ಎಂದಳು ಶಿವವ್ವ.

ಹೋದದ್ದು ಐದು ಮನೆ, ಒಂದು ಕಟ್ಟೆ, ಎರಡು ಆಡು, ಪರಶುವಿನ ಎಡಗಾಲಿನ ಮೂರು ಬೆರಳು.