ಹೂವಯ್ಯ ತಂದ ಬಾಳೆಕಂದು

ತೀರ್ಥಹಳ್ಳಿಯ ಲ್ಯಾಬೊಂದರಲ್ಲಿ ಬಾಟಲಿಯೊಳಗೆ ಬಾಳೆಸಸಿ ಬೆಳೆಸುವ ಸೌಜನ್ಯಳಿಗೆ ಒಂದು ನಿಯಮ ಬಾಯಿಪಾಠವಾಗಿತ್ತು: ಒಂದು ಗಡ್ಡೆಯ ಚಿಗುರನ್ನು ಎಂಟು ಸಲಕ್ಕಿಂತ ಹೆಚ್ಚು ಕತ್ತರಿಸಿ ಮರಿ ಮಾಡಬಾರದು. ಎರಡು ವರ್ಷದ ಹಿಂದೆ ಬೇಡಿಕೆ ಏರಿತು. ಹೊಸ ಗಡ್ಡೆ ತರಲು ಮೈಗಳ್ಳತನ. ಹದಿನಾಲ್ಕು ಸಲ ಕತ್ತರಿಸಿದಳು ಪುಣ್ಯಾತ್ಗಿತ್ತಿ! ರಿಜಿಸ್ಟರಿನಲ್ಲಿ ಮಾತ್ರ ಎಂಟು ಎಂದೇ ಬರೆದಳು.

ಆ ಸಸಿಗಳು ಹೋದದ್ದು ಮೇಳಿಗೆಯ ಹೂವಯ್ಯನ ಜಮೀನಿಗೆ. ಮುನ್ನೂರು ಗಿಡವೂ ಎದೆಮಟ್ಟಕ್ಕೆ ಗಿಡ್ಡವಾಗಿ ನಿಂತವು, ಗೊನೆ ಎನ್ನುವುದು ಹೆಸರಿಗಷ್ಟೇ. ಅವನು ಕೇಳಲು ಬಂದಾಗ ಸೌಜನ್ಯ ಲ್ಯಾಬಿನವರೆಲ್ಲರ ಎದುರು ಜೀನ್ ಪರೀಕ್ಷೆಯ ವರದಿ ಹಿಡಿದಳು. "ಜೀನ್ ಎಲ್ಲ ಸರಿಯಿದೆ ಗೌಡ್ರೇ. ನೀವೇ ಗೊಬ್ಬರ ಸರಿಯಾಗಿ ಹಾಕಿಲ್ಲ."

ವರದಿಯಲ್ಲಿ ಸುಳ್ಳಿರಲಿಲ್ಲ, ಸುಳ್ಳಿದ್ದದ್ದು ಅವಳ ಬಾಯಲ್ಲಿ. ಜೀನುಗಳ ದಾರ ಜೀವಕೋಶದೊಳಗೆ ಸುತ್ತಿಕೊಂಡಿರುತ್ತದೆ. ಹಾಗೆ ಸುತ್ತಿಕೊಂಡ ದಾರವನ್ನೇ ಕ್ರೊಮಾಟಿನ್ ಎನ್ನುವುದು. ಬಿಗಿಯಾಗಿ ಸುತ್ತಿದ ಕಡೆ ಜೀನು ಸುಮ್ಮನಿರುತ್ತದೆ, ಸಡಿಲವಿದ್ದ ಕಡೆ ಕೆಲಸ ಮಾಡುತ್ತದೆ. ಕೋಶ ಎರಡಾದಾಗ ಆ ಸುತ್ತಿನ ಬಗೆಯೂ ಮರಿಕೋಶಗಳಿಗೆ ಹೋಗುತ್ತದೆ. ಬಾಟಲಿಯಲ್ಲಿ ಅತಿಯಾಗಿ ಕತ್ತರಿಸಿದರೆ ಸುತ್ತು ಕೆಡುತ್ತದೆ, ಆಮೇಲೆ ಕೆಟ್ಟದ್ದೇ ಮುಂದುವರಿಯುತ್ತದೆ. ಆ ಪರೀಕ್ಷೆಗೆ ಇದು ಕಾಣದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈ ಸೋಮವಾರ ಹೂವಯ್ಯ ಮತ್ತೆ ಬಂದ. ಜಗಳಕ್ಕೇ ಬಂದನೆಂದುಕೊಂಡಳು. ಅವನ ಕೈಯಲ್ಲಿ ಮಣ್ಣು ಸಮೇತ ಒಂದು ಬಾಳೆಕಂದು ಇತ್ತು.

"ಅವತ್ತು ದನಿ ಎತ್ತಿ ಮಾತಾಡ್ದೆ, ಬೇಜಾರ್ ಮಾಡ್ಕಬೇಡಿ ಮೇಡಂ. ತಪ್ಪು ನಂದೇ. ತಾಯಿಗಿಡ ಕಡಿದು, ಬುಡದ ಕಂದೆಲ್ಲ ನೆಡಾಕೆ ಕಿತ್ತಿಟ್ಟಿದೀನಿ. ಈ ಸಲ ನೀವು ಹೇಳ್ದಂಗೇ ಸಾಕ್ತೀನಿ. ಗೊಬ್ಬರ ಎಷ್ಟು ಹಾಕ್ಬೇಕು, ಬರ್ಕೊಡಿ."

ಸೌಜನ್ಯ ಪೆನ್ನು ಹಿಡಿದಳು. ಕೆಟ್ಟ ಸುತ್ತು ಈ ಕಂದಿಗೂ ಇಳಿದಿತ್ತು. ಅವನು ಇನ್ನೊಂದು ವರ್ಷ ಬೆವರು ಸುರಿಸಿದರೂ ಗಿಡ್ಡಗಿಡವೇ ಗತಿ. ಬರೆದುಕೊಟ್ಟರೆ ತನ್ನ ಮಾನ ಉಳಿಯುತ್ತಿತ್ತು. ಥೂ, ಎಂಥ ಮಾನ!

"ನೆಡಬೇಡಿ ಗೌಡ್ರೇ," ಎಂದಳು ತಲೆಯೆತ್ತದೆ. "ಎಂಟು ಸಲಕ್ಕೆ ನಿಲ್ಲಿಸ್ಬೇಕಿತ್ತು, ಹದಿನಾಲ್ಕು ಸಲ ಕತ್ತರಿಸ್ದೆ. ಹಾಳು ಮಾಡಿದ್ದು ನಾನು. ನಿಮ್ಮ ಗೊಬ್ಬರ ಸರಿಯಾಗೇ ಇತ್ತು."

ಬೈದರೆ ಸಾಕು ಎಂದು ಅವಳು ಕಾದಳು. ಹೂವಯ್ಯ ಕಂದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಕಿತ್ತ ಕಂದಲ್ಲಿ ಅರ್ಧ ನಿನ್ನೆನೇ ಹುಲಿಕಲ್ಲಿಗೆ, ನನ್ ತಂಗಿ ಮನೆಗೆ ಕೊಟ್ಟುಬಿಟ್ಟೆ ಮೇಡಂ. ನಮ್ ಗಿಡ ನೋಡಿದ್ಲಲ್ಲ, ಅವ್ಳು ಬೇಡ ಅಂದ್ಲು. ಗಿಡ ಒಳ್ಳೇದು, ನನ್ ಕೈಗುಣಾನೇ ಸರಿಯಿಲ್ಲ, ಮೇಡಮ್ಮೇ ಹೇಳಿದಾರೆ ಅಂತ ನಿಮ್ಮ ಹೆಸರು ಹೇಳಿ ಕೊಟ್ಟೆ."