ಹಸಿ ತೊಗಲು

ಕುರಿಗಳ ತುಪ್ಪಳ ಕತ್ತರಿಸಿ ಮುಗಿಸಿದ ಮರುದಿನ ಮುಖಿತನಿಗೆ ಜ್ವರ ಬಂತು. ಬೆಳಿಗ್ಗೆ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದು ಕೂತವನು ಒಂದು ಗುಟುಕನ್ನೂ ಕುಡಿಯದೆ ಹಾಗೇ ಕೆಳಗಿಟ್ಟ.

"ತಲೆ ಸೀಳಿಹೋಗ್ತಿದೆ ಕಣೇ. ಆ ಪರದೆ ಎಳಿ, ಬೆಳಕು ಚುಚ್ತಿದೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ರೌಶನ್ ಕಂಡವಳೇ ಅಲ್ಲ. ಪರದೆ ಎಳೆದು, ಅವನ ಹಣೆ ಮುಟ್ಟಿ ನೋಡಿ, ಕೈಯನ್ನು ಬೇಗ ಹಿಂದಕ್ಕೆ ತೆಗೆದುಕೊಂಡಳು. ರೊಟ್ಟಿಯ ಒಲೆಯ ಹಾಗೆ ಕಾದಿತ್ತು.

"ಬೆವತ ಮೈ ಮೇಲೆ ಬುಗ್ಗೆ ನೀರು ಸುರ್ಕೊಂಡ್ರೆ ಇನ್ನೇನಾಗುತ್ತೆ? ಬಿಸಿ ಸೂಪು ಕುಡಿಸು, ಸಂಜೆಗೆ ಎದ್ದು ಕೂರ್ತಾನೆ" ಎಂದಳು ಅತ್ತೆ ಕಲಾಂಪಿರ್.

ಮುಖಿತ್ ಸಂಜೆಗೆ ಏಳಲಿಲ್ಲ. ಮಾರನೆಯ ದಿನ ಕುಡಿದ ಸೂಪೆಲ್ಲ ವಾಂತಿಯಾಯಿತು. ಸೊಂಟವನ್ನು ಯಾರೋ ಮುರಿಯುತ್ತಿದ್ದಾರೆ ಎಂದು ನರಳಿದ. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ರೌಶನಳ ಮನಸ್ಸಿನಲ್ಲಿ ಒಂದು ಕಾಯಿಲೆಯ ಹೆಸರು ಸುಳಿಯತೊಡಗಿತು. ಅದನ್ನು ಬಾಯಿಗೆ ತರಲು ಅವಳಿಗೆ ಧೈರ್ಯವಾಗಲಿಲ್ಲ.

ಅವಳು ಕೆಳಗಿನ ಬಯಲುಸೀಮೆಯವಳು. ಅಲ್ಲಿ ಬೇಸಿಗೆ ಬಂತೆಂದರೆ ಉಣುಗಿನ ಜ್ವರದ ಮಾತು ಶುರುವಾಗುತ್ತಿತ್ತು. ಅವಳು ಶಾಲೆಗೆ ಹೋಗುವ ಕಾಲದಲ್ಲಿ ಅವಳ ಚಿಕ್ಕಮ್ಮ ಹಸುವಿನ ಕೆಚ್ಚಲಿನಿಂದ ಒಂದು ಉಣುಗನ್ನು ಕಿತ್ತು ಉಗುರಿನಲ್ಲಿ ಹಿಸುಕಿದ್ದಳು. ವಾರ ಕಳೆಯುವುದರೊಳಗೆ ಮೂಗು ಬಾಯಲ್ಲಿ ರಕ್ತ ಸುರಿದು ಸತ್ತಳು. ಗಂಡನ ಊರು ಬಾಸ್ತೌ ಹಾಗಲ್ಲ. ಕರಾತೌ ಬೆಟ್ಟದ ಮೈಮೇಲೆ ಎತ್ತರದಲ್ಲಿದೆ. ಇಲ್ಲಿನ ಚಳಿಗೆ ಹಾಲಿನ ಬಕೆಟ್ಟುಗಳೇ ಬಿರಿಯುತ್ತಿದ್ದವು. ಉಣುಗು ಇರುತ್ತಿರಲಿಲ್ಲವೆಂದಲ್ಲ, ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು, ಅದರಲ್ಲಿ ರೋಗ ಇರುತ್ತಿರಲಿಲ್ಲ. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು: "ನಮ್ಮ ಸೊಸೆ ಉಣುಗಿನ ಸೀಮೆಯವಳು. ಒಂದು ಚಳಿಗಾಲ ಇಲ್ಲಿ ನಡುಗ್ಲಿ, ಮೈಯಲ್ಲಿರೋದೆಲ್ಲ ಉದುರಿಹೋಗುತ್ತೆ!"

ಈಚೆಗೆ ಆ ಚಳಿಯೇ ಬರುವುದು ನಿಂತಿತ್ತು. ಹೋದ ಎರಡು ಚಳಿಗಾಲ ಹಿಮ ಬಿದ್ದ ಹಾಗೆ ಮಾಡಿ, ಮಧ್ಯಾಹ್ನಕ್ಕೆ ಕರಗಿ ಕೆಸರಾಗುತ್ತಿತ್ತು. ಈ ವರ್ಷವಂತೂ ಹೊಳೆ ಹೆಪ್ಪುಗಟ್ಟಲೇ ಇಲ್ಲ. ಮಾರ್ಚಿನ ನೌರಿಜ್ ಹಬ್ಬಕ್ಕೆ ಇನ್ನೂ ದಿನ ಇರುವಾಗಲೇ ಕೊಟ್ಟಿಗೆಯ ಗೋಡೆಯ ಮೇಲೆ ಉಣುಗು ಹರಿದಾಡುತ್ತಿದ್ದವು. ಉಣುಗಿಗೆ ಔಷಧಿ ಹೊಡೆಯುವವರು ಎಂದಿನ ಹಾಗೆ ಏಪ್ರಿಲ್ ನಡುವಿಗೆ ಬಂದರು. ಅಷ್ಟು ಹೊತ್ತಿಗೆ ಕುರಿಗಳ ಕಿವಿಯೊಳಗೆ ಅವು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಮುಖಿತ್ ಅವನ್ನು ಒಂದೊಂದಾಗಿ ಕಿತ್ತು ಹೆಬ್ಬೆರಳ ಉಗುರಿನಲ್ಲಿ ಟಪ್ಪೆಂದು ಒಡೆಯುತ್ತಿದ್ದ. ಕೈಗವಸು ಹಾಕಿಕೊಳ್ಳಿ ಎಂದು ಅವಳು ಹೇಳಿದರೆ, "ಕುರಿ ಹಿಡಿಯೋಕೆ ಕೈಗವಸಾ? ನಾನೇನು ಆಪರೇಷನ್ ಮಾಡ್ತಿದ್ದೀನಾ?" ಎಂದು ನಕ್ಕಿದ್ದ. ಕುರಿಗಳೇನೋ ಚೆನ್ನಾಗಿಯೇ ಇದ್ದವು. ಹುಲ್ಲು ಮೇಯುತ್ತಿದ್ದವು, ಮರಿಗಳಿಗೆ ಹಾಲೂಡುತ್ತಿದ್ದವು. ಆ ಜ್ವರ ಕುರಿಗೆ ಏನೂ ಮಾಡುವುದಿಲ್ಲ.

ಮೂರನೆಯ ಬೆಳಿಗ್ಗೆ ಅಂಗಿ ಬದಲಿಸಲು ಹೋದಾಗ ಅವನ ಮೊಣಕೈ ಒಳಗೆ ಸಣ್ಣ ಸಣ್ಣ ಚುಕ್ಕೆ ಕಂಡವು. ಹಿಪ್ಪುನೇರಳೆ ಹಣ್ಣು ಹಿಂಡಿ ಚಿಮುಕಿಸಿದ ಹಾಗೆ. ರೌಶನ್ ಅಂಗಿಯನ್ನು ಅಲ್ಲೇ ಕೈಬಿಟ್ಟು ಎದ್ದು ನಿಂತಳು.

"ಅತ್ತೆ, ಇದು ಶೀತ ಅಲ್ಲ. ಇದು ಉಣುಗಿನ ಜ್ವರ. ನಮ್ಮ ಚಿಕ್ಕಮ್ಮನಿಗೂ ಹೀಗೇ…"

"ಬಾಯಿ ಮುಚ್ಚು!" ಕಲಾಂಪಿರ್ ರೋಗ ಓಡಿಸುವ ಆದಿರಾಸ್ಪಾನ್ ಸೊಪ್ಪಿನ ಹೊಗೆಯನ್ನು ಮಗನ ಹಾಸಿಗೆಯ ಸುತ್ತ ಆಡಿಸುತ್ತಿದ್ದಳು. "ನಿಮ್ಮೂರಿನ ಕಾಯಿಲೆ ಹೆಸರನ್ನ ನನ್ನ ಮನೇಲಿ ಎತ್ಬೇಡ. ಎದೆಗೆ ಶೀತ ಇಳಿದಿದೆ. ಚಿಕ್ಕವನಿದ್ದಾಗ್ಲೂ ಹೀಗೇ ಆಗಿತ್ತು. ಕರೀ ಟಗರು ಕಡಿದು, ತೊಗಲು ಬಿಸಿ ಇರುವಾಗ್ಲೇ ಸುತ್ತಿ ಮಲಗಿಸಿದ್ದೆ. ಬೆವತು ಎದ್ದು ಕೂತ. ಈಗ್ಲೂ ಅದನ್ನೇ ಮಾಡ್ತೀನಿ. ಟಗರು ಕಡಿಯೋಕೆ ಬೆರ್ದಿಬೆಕ್‌ಗೆ ಹೇಳಿ ಕಳಿಸಿದ್ದೀನಿ."

"ತೊಗಲು ಬೇಡ ಅತ್ತೆ! ಕುರಿ ಚೆನ್ನಾಗಿದ್ರೂ ಅದರ ರಕ್ತದಲ್ಲೇ ಇರೋದು ಆ ರೋಗ!"

ಮುದುಕಿ ಹೊಗೆ ಆಡಿಸುತ್ತಲೇ ಇದ್ದಳು.

ರೌಶನ್ ಮಗಳು ಬಲ್ಜಾನಳ ಕೈ ಹಿಡಿದು ಊರಿನ ಆ ತುದಿಗೆ ಓಡಿದಳು. ಅಲ್ಲಿ ನರ್ಸ್ ಜುಪಾರಳ ಮನೆ, ಅದರ ಮುಂಭಾಗದ ಕೋಣೆಯೇ ಊರಿನ ಆಸ್ಪತ್ರೆ. ಜುಪಾರ್ ಇನ್ನೂ ಮದುವೆಯಾಗದ ಹುಡುಗಿ, ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಚುಕ್ಕೆಯ ಮಾತೂ ಟಗರಿನ ಮಾತೂ ಕೇಳಿದ ಕೂಡಲೇ ಅವಳ ಮುಖದ ಬಣ್ಣ ಇಳಿಯಿತು.

"ಮೂಗಲ್ಲಿ ರಕ್ತ ಬಂತಾ ಅಕ್ಕ?"

"ಇನ್ನೂ ಇಲ್ಲ."

"ಬಲ್ಜಾನ್ ಇಲ್ಲೇ ಇರ್ಲಿ. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, ಸಾಮಾನು ತಗೊಂಡು ಬರ್ತೀನಿ. ನೀವು ಮುಂದೆ ಓಡಿ. ಆ ಟಗರನ್ನ ಯಾರೂ ಕಡಿಯೋದು ಬೇಡ, ಮುಖಿತ್ ಅಣ್ಣನ್ನ ಯಾರೂ ಮುಟ್ಟೋದೂ ಬೇಡ."

ರೌಶನ್ ಅಂಗಳಕ್ಕೆ ಬರುವಾಗ ತಡವಾಗಿತ್ತು. ಟಗರು ಬಿದ್ದಿತ್ತು. ಮುಖಿತನ ದೊಡ್ಡಪ್ಪನ ಮಗ ಬೆರ್ದಿಬೆಕ್ ಚಾಕು ಒರೆಸಿಕೊಳ್ಳುತ್ತ ನಿಂತಿದ್ದ. ಕಲಾಂಪಿರ್ ಅಂಗಿಯ ತೋಳು ಮಡಚಿಕೊಂಡು, ಹಬೆಯಾಡುವ ತೊಗಲನ್ನು ಮಗುವನ್ನೆತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಕಡೆ ಬರುತ್ತಿದ್ದಳು. ಮೊಣಕೈವರೆಗೂ ರಕ್ತ. ರೌಶನ್ ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡು."

"ಬಿಡಲ್ಲ ಅತ್ತೆ."

"ಹುಚ್ಚು ಹಿಡೀತಾ ನಿಂಗೆ? ತೊಗಲು ಆರ್ತಿದೆ!"

"ಆರ್ಲಿ. ಅದನ್ನ ಒಳಗೆ ತರೋಕೆ ನಾನು ಬಿಡಲ್ಲ. ಕೈ ತೊಳ್ಕೊಳ್ಳಿ, ಬೆರ್ದಿಬೆಕ್ ಭಾವ, ನೀವೂ ತೊಳ್ಕೊಳ್ಳಿ. ದಮ್ಮಯ್ಯ ಅಂತೀನಿ."

ಬೆರ್ದಿಬೆಕ್ ಅವಳನ್ನು ನೋಡಿ, ತನ್ನ ಅಂಗೈ ನೋಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಮುದುಕಿ ಸರಿಯಲಿಲ್ಲ. ಅವತ್ತಿನವರೆಗೆ ಈ ಮನೆಯಲ್ಲಿ ಸೊಸೆ ಎದುರಾಡಿದ್ದೇ ಇರಲಿಲ್ಲ. ಅತ್ತೆಯ ಹೆಸರನ್ನೂ ಬಾಯಲ್ಲಿ ಹೇಳಿದವಳಲ್ಲ. ಕಲಾಂಪಿರ್ ತೊಗಲನ್ನು ಒಂದು ತೋಳಿಗೆ ಹಾಕಿಕೊಂಡು, ಇನ್ನೊಂದು ಕೈಯೆತ್ತಿ ಸೊಸೆಯ ಕೆನ್ನೆಗೆ ಬಾರಿಸಿದಳು.

"ನನ್ನ ಮಗ ಸಾಯ್ತಿದ್ದಾನೆ ಕಣೇ!"

ಕೆನ್ನೆ ಬೆಚ್ಚಗೆ ಒದ್ದೆಯಾಯಿತು. ರೌಶನ್ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ರಕ್ತದ ಒಂದು ಗೆರೆ ಕೆನ್ನೆಯಿಂದ ತುಟಿಯ ಮೂಲೆಗೆ ನಿಧಾನವಾಗಿ ಇಳಿಯುತ್ತಿತ್ತು. ಒರೆಸಿದರೆ ಕಣ್ಣಿಗೋ ಬಾಯಿಗೋ ಹೋದೀತೆಂದು ಒರೆಸಲಿಲ್ಲ. ಕೂಗಿದರೆ ಬಾಯಿ ತೆರೆಯಬೇಕು. ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು. ಒಳಗೆ ಮುಖಿತ್ ಕೆಮ್ಮಿದ ಸದ್ದು ಕೇಳಿತು. ಆಮೇಲೆ ಅವನ ದನಿ, ತೊದಲುತ್ತ: "ಅಮ್ಮಾ… ಮೂಗಿಂದ ಏನೋ ಬರ್ತಿದೆ."

ಅದನ್ನು ಕೇಳಿ ಕಲಾಂಪಿರ್ ಅಂಗಳದ ಮಣ್ಣಿನಲ್ಲಿ ತೊಗಲಿನ ಸಮೇತ ಕುಸಿದು ಕೂತಳು.

ಜುಪಾರ್ ಬಂದು ಕೈಗವಸು, ಮುಖದ ಕವಚ ಹಾಕಿಕೊಂಡು ಒಳಗೆ ಹೋದಳು. ಹೊರಗೆ ಬಂದವಳೇ ಮೊದಲು ರೌಶನಳ ಮುಖವನ್ನು ಸಾಬೂನು ಹಾಕಿ ಮತ್ತೆ ಮತ್ತೆ ತೊಳೆದಳು.

"ಬಾಯೊಳಗೆ ಹೋಯ್ತಾ ಅಕ್ಕ? ನಿಜ ಹೇಳಿ."

"ಗೊತ್ತಿಲ್ಲ ಕಣೇ. ಉಪ್ಪುಪ್ಪು ಅನ್ನಿಸ್ತು. ಬೆವರಿರಬಹುದು."

ಆಂಬುಲೆನ್ಸ್ ಬೆಟ್ಟ ಹತ್ತಿ ಬರುವಾಗ ಮಧ್ಯಾಹ್ನ ಮೀರಿತ್ತು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟವರು ಇಳಿದರು. ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮುಖಿತನನ್ನು ಹೊತ್ತೊಯ್ಯುವಾಗ ಅವನು ಯಾರನ್ನೂ ಗುರುತಿಸಲಿಲ್ಲ. ಸಂಜೆ ಬೇರೆಯವರು ಬಂದು ಟಗರನ್ನೂ ತೊಗಲನ್ನೂ ಹೊಂಡಕ್ಕೆ ಹಾಕಿ ಸುಟ್ಟರು. "ಎಂಥಾ ಕೊಬ್ಬಿದ ಟಗರು!" ಎಂದು ಬೆರ್ದಿಬೆಕ್ ಬೇಲಿಯಾಚೆಯಿಂದ ಗೊಣಗಿದ. ಗೊಣಗುತ್ತಲೇ ಅಂಗೈಯನ್ನು ಪ್ಯಾಂಟಿಗೆ ಉಜ್ಜುತ್ತಿದ್ದ.

ಅತ್ತೆ ಸೊಸೆ ಇಬ್ಬರೂ ಎರಡು ವಾರ ಮನೆ ಬಿಟ್ಟು ಹೊರಡುವ ಹಾಗಿರಲಿಲ್ಲ. ಬೆರ್ದಿಬೆಕ್‌ಗೂ ಅವನ ಮನೆಯಲ್ಲಿ ಅದೇ ಕಟ್ಟುಪಾಡು. ಬಲ್ಜಾನ್ ಜುಪಾರಳ ಜೊತೆಗೇ ಉಳಿದಳು. ಬೆಳಿಗ್ಗೆ ಸಂಜೆ ಜುಪಾರ್ ಬಂದು ಕಿಟಕಿಯಿಂದ ಥರ್ಮಾಮೀಟರ್ ಕೊಟ್ಟು, ದೂರ ನಿಂತು ಕಾಯುತ್ತಿದ್ದಳು. ನೆರೆಯವರು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕಲ್ಲಿನ ಗೋಡೆಯ ಮೇಲಿಟ್ಟು, ಬೇಗ ಬೇಗ ಹಿಂದಿರುಗುತ್ತಿದ್ದರು.

ಇಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬಳು ಆ ಕೋಣೆ, ಒಬ್ಬಳು ಈ ಕೋಣೆ. ಅಂಗಳದಲ್ಲಿ ಎದುರಾದಾಗ ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತಿದ್ದರು, ಕೆಂಪಾಗಿದೆಯೇ ಎಂದು. ರೌಶನ್ ಗಂಟೆಗೊಮ್ಮೆ ತೋಳನ್ನು ಬಿಸಿಲಿಗೆ ಚಾಚಿ ನೋಡಿಕೊಳ್ಳುತ್ತಿದ್ದಳು. ಹುಟ್ಟಿನಿಂದ ಇದ್ದ ಮಚ್ಚೆಯೂ ಈಗ ಹೊಸದಾಗಿ ಕಾಣುತ್ತಿತ್ತು. ತಲೆ ಸ್ವಲ್ಪ ಭಾರವಾದರೆ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳುತ್ತಿದ್ದಳು. ಊಟ ಮಾಡುವಾಗ ನಾಲಿಗೆ ತುಟಿಯ ಆ ಮೂಲೆಯನ್ನೇ ಹುಡುಕಿಕೊಂಡು ಹೋಗುತ್ತಿತ್ತು, ಆ ಉಪ್ಪು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ. ತಾನು ಹೋದರೆ ಮಗಳ ಗತಿಯೇನು? ಗಂಡ ಬದುಕಿದ್ದಾನೋ ಇಲ್ಲವೋ? ಆಸ್ಪತ್ರೆಯಿಂದ ಜುಪಾರ್ ತರುತ್ತಿದ್ದ ಸುದ್ದಿ ಒಂದೇ: "ರಕ್ತ ಕೊಡ್ತಿದ್ದಾರಂತೆ. ಇನ್ನೂ ಏನೂ ಹೇಳಕ್ಕಾಗಲ್ವಂತೆ."

ಒಂದು ಮಧ್ಯಾಹ್ನ ರೌಶನ್ ಅತ್ತೆಗೆ ಚಹಾ ಇಡಲು ಹೋದರೆ ಬಾಗಿಲು ಒಳಗಿಂದ ಹಾಕಿತ್ತು. ಕಲಾಂಪಿರ್ ಯಾವತ್ತೂ ಅಗುಳಿ ಹಾಕಿಕೊಂಡವಳಲ್ಲ.

"ಅತ್ತೆ?"

"ಹೂಂ."

"ಬಾಗಿಲು ತೆಗೀರಿ, ಚಹಾ ತಂದಿದ್ದೀನಿ."

"ಅಲ್ಲೇ ಇಟ್ಟು ಹೋಗು."

"ಏನಾಯ್ತು?"

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ, "ಸೊಂಟ ನೋಯ್ತಿದೆ. ಬೆಳಕು ಹಿಡಿಸ್ತಿಲ್ಲ. ಆ ಹುಡುಗಿಗೆ ಹೇಳು, ಗಾಡಿ ಕರೆಸ್ಲಿ."

ರೌಶನ್ ಬಟ್ಟಲನ್ನು ನೆಲಕ್ಕಿಟ್ಟು ಬಾಗಿಲು ತಳ್ಳಿದಳು. "ತೆಗೀರಿ ಅತ್ತೆ! ನೀರಾದ್ರೂ ಕುಡಿಸ್ತೀನಿ, ಹಣೆಗೆ ಬಟ್ಟೆ ಹಾಕ್ತೀನಿ."

"ದೂರ ಹೋಗು. ನಿಂಗೊಂದು ಮಗು ಇದೆ." ದನಿ ಗದರುವ ಹಾಗೇ ಇತ್ತು, ಆದರೆ ಉಸಿರು ಸಾಲುತ್ತಿರಲಿಲ್ಲ. ಮತ್ತೆ ಕೇಳಿದಳು: "ಅವತ್ತು ಕೆನ್ನೆ ಸರಿಯಾಗಿ ತೊಳ್ಕೊಂಡ್ಯೇನೇ?"

"ತೊಳ್ಕೊಂಡೆ ಅತ್ತೆ."

"ಸಾಬೂನು ಹಾಕಿ?"

"ಸಾಬೂನು ಹಾಕಿ."

"ಹಾಗಾದ್ರೆ ಸರಿ" ಎಂದಳು ಕಲಾಂಪಿರ್. ಬಿಳಿ ಉಡುಪಿನವರು ಬಂದು ಕರೆಯುವವರೆಗೂ ಅವಳು ಅಗುಳಿ ತೆಗೆಯಲಿಲ್ಲ.

ಆಂಬುಲೆನ್ಸ್ ಊರು ದಾಟಿದ ಮೇಲೂ ರೌಶನ್ ಆ ಬಾಗಿಲ ಮುಂದೆಯೇ ಕೂತಿದ್ದಳು. ಅತ್ತೆ ಆಸ್ಪತ್ರೆಯಲ್ಲಿ ವಾರವೂ ಬದುಕಲಿಲ್ಲ.

ಹೆಂಗಸರು ಸೇರಿ ಮೈ ತೊಳೆಯುವಂತಿರಲಿಲ್ಲ, ಬಿಳಿ ಬಟ್ಟೆ ಹೊದಿಸುವಂತಿರಲಿಲ್ಲ. ಗುರುತು ಪರಿಚಯವಿಲ್ಲದವರು ಮುಚ್ಚಿದ ಚೀಲದಲ್ಲಿ ತಂದು ಮಣ್ಣು ಮಾಡಿದರು. ಊರಿನ ಹೆಂಗಸರು ಅಳಲು ಬಂದವರು ಬೇಲಿಯ ಆಚೆ, ರಸ್ತೆಯ ಆ ಬದಿಯಲ್ಲಿ ನಿಂತು ಅಲ್ಲಿಂದಲೇ ಸತ್ತವಳ ಗುಣ ಹೇಳಿ ಹಾಡಿ ಅತ್ತರು. ಈ ಬದಿಯಲ್ಲಿ ರೌಶನ್ ಒಬ್ಬಳೇ ನಿಂತು ಅವರಿಗೆ ದನಿಗೂಡಿಸಿದಳು. ತಬ್ಬಿಕೊಂಡು ಅಳಲು ಒಂದು ಹೆಗಲಿರಲಿಲ್ಲ. ಅಳುತ್ತ ಅಳುತ್ತಲೇ ಅವಳು ತನ್ನ ಹಣೆ ಮುಟ್ಟಿ ನೋಡಿಕೊಂಡಳು.

ಅವಳಿಗೆ ಜ್ವರ ಬರಲಿಲ್ಲ. ಬೆರ್ದಿಬೆಕ್‌ಗೂ ಬರಲಿಲ್ಲ. ಒಂದೇ ರಕ್ತ ಮುಟ್ಟಿದ ಮೂವರಲ್ಲಿ ಅತ್ತೆಯೊಬ್ಬಳಿಗೇ ಯಾಕೆ? ಟಗರಿನಿಂದ ಬಂತೋ, ಮಗನ ಬೆವರು ವಾಂತಿ ಒರೆಸಿದ್ದರಿಂದ ಬಂತೋ? ಅದು ಯಾರಿಗೂ ಗೊತ್ತಿರಲಿಲ್ಲ.

ಮುಖಿತ್ ಬದುಕಿದ. ಕರೆತರಲು ಬೆರ್ದಿಬೆಕ್‌ನ ಕಾರಿನಲ್ಲಿ ರೌಶನ್ ಹೋದಾಗ ಅವನು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಹೆಗಲ ಮೇಲೆ ಅಂಗಿ ಗಳುವಿಗೆ ತೂಗುಹಾಕಿದ ಹಾಗಿತ್ತು. ಇನ್ನು ಯಾರಿಗೂ ಅಂಟುವುದಿಲ್ಲ, ಮನೆಗೆ ಕರಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಹಾಗಿದ್ದರೂ ಅವನು ಕೈ ಚಾಚಿದಾಗ ಅವಳ ಬೆರಳು ತಾನಾಗಿ ಹಿಂದೆ ಸರಿಯಿತು. ಅವನು ಅದನ್ನು ನೋಡಿದ. ಅವಳು ನಾಚಿ, ಆ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅಮ್ಮ ಬರ್ಲಿಲ್ವಾ?" ಎಂದ.

ಅವನಿಗೆ ಯಾರೂ ಹೇಳಿರಲಿಲ್ಲ. ಬೆರ್ದಿಬೆಕ್ ಕಾರಿನ ಗಾಜು ಒರೆಸುವ ನೆಪದಲ್ಲಿ ಆ ಕಡೆ ಹೋದ. ರೌಶನ್ ಅವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು; ಏಟನ್ನೂ, ಅಗುಳಿಯನ್ನೂ. ಮುಖಿತ್ ಅಳಲಿಲ್ಲ, ಅಳುವಷ್ಟು ಶಕ್ತಿಯಿರಲಿಲ್ಲ. ಮೊಣಕಾಲಿನ ಮೇಲೆ ಮುಖವಿಟ್ಟುಕೊಂಡು ಕೂತುಬಿಟ್ಟ. ಆಮೇಲೆ ತಲೆ ಎತ್ತಿ, "ನಾನು ಉಗುರಲ್ಲಿ ಒಡೆದಿದ್ದಕ್ಕೆ ಅಲ್ವಾ?" ಎಂದ. ಅವಳು ಅವನ ತೋಳು ಹಿಡಿದು ಎಬ್ಬಿಸಿದಳು.

ಬೆಟ್ಟ ಹತ್ತುವ ದಾರಿಯ ಎರಡೂ ಬದಿ ಹುಲ್ಲು ದಟ್ಟವಾಗಿ ಬೆಳೆದು ನಿಂತಿತ್ತು. ಮುಖಿತ್ ಕಿಟಕಿಯ ಗಾಜು ಏರಿಸಿಕೊಂಡು ಅದನ್ನೇ ನೋಡುತ್ತಿದ್ದ. ಮೊದಲಾಗಿದ್ದರೆ ಎಂಥ ಮೇವು ಎಂದು ಹಿಗ್ಗುತ್ತಿದ್ದ.

ಕಾರಿನ ಸದ್ದು ಕೇಳಿ ಬಲ್ಜಾನ್ ಜುಪಾರಳ ಮನೆಯ ಹಿಂದಿನಿಂದ ಹುಲ್ಲಿನ ನಡುವೆಯೇ ಅಡ್ಡಹಾದಿ ಹಿಡಿದು, "ಅಪ್ಪಾ" ಎಂದು ಕೂಗುತ್ತ ಓಡಿಬಂದಳು.

"ನಿಲ್ಲು! ಅಲ್ಲೇ ನಿಲ್ಲು!"

ತನ್ನ ದನಿಗೆ ರೌಶನಳೇ ಬೆಚ್ಚಿದಳು. ಮಗು ಹೆದರಿ, ಕಾರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಕಂಬದ ಹಾಗೆ ನಿಂತುಬಿಟ್ಟಿತು. ರೌಶನ್ ಕಾರಿನಿಂದ ಇಳಿದು, ಮಂಡಿಯೂರಿ ಕೂತು ಮಗಳ ಲಂಗದ ಅಂಚು ಮಗುಚಿದಳು, ಕಿವಿಯ ಹಿಂದೆ ನೋಡಿದಳು, ಕೂದಲು ಬಿಡಿಸಿದಳು, ಕಂಕುಳು ನೋಡಿದಳು. ಒಂದೂ ಉಣುಗು ಇರಲಿಲ್ಲ. ಮತ್ತೆ ಮೊದಲಿನಿಂದ ನೋಡತೊಡಗಿದಳು.

"ಅಮ್ಮ, ಕಚಗುಳಿ ಆಗ್ತಿದೆ" ಎಂದಳು ಬಲ್ಜಾನ್, ನಗಬೇಕೋ ಅಳಬೇಕೋ ತಿಳಿಯದೆ.

ಮುಖಿತ್ ಕಾರಿನ ಬಾಗಿಲು ಹಿಡಿದು ನಿಧಾನವಾಗಿ ಇಳಿದ. ಬಂದು ಮಗಳ ಮುಂದೆ ಕಷ್ಟಪಟ್ಟು ಕೂತ. ಅವಳ ಕಾಲುಚೀಲವನ್ನು ಸುತ್ತಿ ತೆಗೆದು, ಕಾಲ್ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದ.